ವಾರಕ್ಕೊಂದು ಗಂಟೆ: ಮೂರು ವರ್ಷದೊಳಗಿನ ಮಕ್ಕಳ ಮನೆಭೇಟಿ ನಡೆಸುವ ಬಗೆ

ಮಗು ಅಂಗನವಾಡಿಗೆ ಬಂದು ಕೂರುವುದು ಮೂರು ತುಂಬಿದ ಮೇಲೆ. ಅದಕ್ಕೂ ಮುಂಚಿನ ಸಾವಿರಕ್ಕೂ ಹೆಚ್ಚು ದಿನ ಮನೆಯಲ್ಲೇ ಕಳೆಯುತ್ತದೆ. ಮಿದುಳು ಅತಿ ಬಿರುಸಾಗಿ ಬೆಳೆಯುವುದೂ ಆ ದಿನಗಳಲ್ಲೇ. ಕೂಲಿ ಮನೆಯಲ್ಲಿ ತಾಯಿ ಬೆಳಗ್ಗೆ ಹೊರಟರೆ ಮರಳುವುದು ಸಂಜೆ. ಅಷ್ಟು ಹೊತ್ತು ಮಗು ಅಜ್ಜಿಯ ಬಳಿಯೋ, ಒಂಬತ್ತು ವರ್ಷದ ಅಕ್ಕನ ಸೊಂಟದ ಮೇಲೋ, ಕೆಲಸದ ಜಾಗದ ಜೋಳಿಗೆಯಲ್ಲೋ ಇರುತ್ತದೆ. ಮಗುವಿನ ಮೇಲೆ ಪ್ರೀತಿಗೆ ಆ ಮನೆಗಳಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಪುರುಸೊತ್ತಿಗೆ, ಮತ್ತು ‘ಇಷ್ಟು ಚಿಕ್ಕ ಕೂಸಿನ ಜೊತೆ ಮಾತಾಡಿದರೆ ಅದಕ್ಕೇನು ತಿಳಿಯುತ್ತೆ’ ಎಂಬ ಅನಿಸಿಕೆಯನ್ನು ಬದಲಿಸುವವರಿಗೆ. ವಾರಕ್ಕೊಮ್ಮೆ ಇಂಥ ಮನೆಗೆ ಹೋಗಬಲ್ಲ ಅಂಗನವಾಡಿ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಸದಸ್ಯೆ, ಸ್ವಯಂಸೇವಕರಿಗಾಗಿ ಈ ಕೈಪಿಡಿ.

ಪದ್ಧತಿ ಹೊಸದಲ್ಲ. 1986–87ರಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ವಯಸ್ಸಿಗೆ ತಕ್ಕ ಎತ್ತರವಿಲ್ಲದ, 9ರಿಂದ 24 ತಿಂಗಳಿನ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಪೂರಕ ಆಹಾರ, ಒಂದಕ್ಕೆ ವಾರಕ್ಕೊಂದು ಗಂಟೆಯ ಮನೆಭೇಟಿ, ಒಂದಕ್ಕೆ ಎರಡೂ, ಉಳಿದ ಒಂದಕ್ಕೆ ಎರಡೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು. ಭೇಟಿಗೆ ಹೋದವರು ತಜ್ಞರಲ್ಲ, ಅಲ್ಲಿನ ಸಮುದಾಯ ಆರೋಗ್ಯ ಸಹಾಯಕಿಯರು. ಅದೇ ಮಕ್ಕಳು 22ರ ಪ್ರಾಯಕ್ಕೆ ಬಂದಾಗ, ಮನೆಭೇಟಿ ಸಿಕ್ಕಿದವರ ಗಳಿಕೆ ಸಿಗದವರಿಗಿಂತ ಸುಮಾರು 25% ಹೆಚ್ಚಿತ್ತು. ಆಹಾರ ಮಾತ್ರ ಪಡೆದವರಲ್ಲಿ ಅಂಥ ಲಾಭ ಉಳಿದಿರಲಿಲ್ಲ. ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ಇದನ್ನೇ ಅಲ್ಲಿಗೆ ಹೊಂದಿಸಿ ನಡೆಸಿದಾಗಲೂ ಮಕ್ಕಳ ಗ್ರಹಿಕೆ ಸುಧಾರಿಸಿತು. ಹಾಗೆಂದು ಊಟ ಮುಖ್ಯವಲ್ಲ ಎಂದಲ್ಲ. ಹೊಟ್ಟೆ ತುಂಬಿಸಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳಬಾರದು, ಅಷ್ಟೇ.

ಮೊದಲೇ ಒಂದು ಮಾತು ಗಟ್ಟಿಯಾಗಿ ಹೇಳಿಬಿಡಬೇಕು. ನೀವು ಹೋಗುವುದು ಮಗುವಿಗೆ ಕಲಿಸಲು ಅಲ್ಲ. ವಾರದಲ್ಲಿ ಮಗು ಎಚ್ಚರವಾಗಿರುವುದು ಎಂಬತ್ತು-ತೊಂಬತ್ತು ಗಂಟೆ. ನಿಮ್ಮದು ಅದರಲ್ಲಿ ಒಂದೇ ಗಂಟೆ. ಆ ಒಂದು ಗಂಟೆಯಲ್ಲಿ ತಾಯಿಯೋ ಅಜ್ಜಿಯೋ ಮಗುವಿನ ಜೊತೆ ಆಡುವುದನ್ನು ರೂಢಿಸಿಕೊಂಡರೆ ಉಳಿದ ಗಂಟೆಗಳು ತಾವಾಗಿ ದುಡಿಯುತ್ತವೆ. ನೀವು ಮುಂದೆ ಕೂತು ಚೆನ್ನಾಗಿ ಆಡಿಸಿ, ತಾಯಿ ಬಾಗಿಲಲ್ಲಿ ನಿಂತು ನೋಡಿ ನಕ್ಕರೆ ಆ ಭೇಟಿ ವ್ಯರ್ಥ.

ಹೋಗುವ ಹೊತ್ತು

ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಮನೆಗೆ ಬೀಗ, ಇಲ್ಲವೇ ಮುದುಕಿಯೊಬ್ಬರು. ಮೊದಲ ಭೇಟಿಯಲ್ಲೇ ಎರಡು ಪ್ರಶ್ನೆ ಕೇಳಿ: ಹಗಲು ಮಗು ಯಾರ ಬಳಿ ಇರುತ್ತೆ? ವಾರದಲ್ಲಿ ಕೂಲಿಗೆ ಯಾವತ್ತು ರಜೆ? ಬಹಳ ಕಡೆ ಸಂತೆಯ ದಿನ ಕೆಲಸ ಇರುವುದಿಲ್ಲ, ಆದರೆ ಸಂತೆಗೆ ಹೊರಡುವ ಮುಂಚೆ ಹೋಗಬೇಕು. ಕಾಫಿ ತೋಟದ ಲೈನ್ ಮನೆಗಳಲ್ಲಿ ಸಂಜೆ ಐದರ ಮೇಲೆ ಸಿಗುತ್ತಾರೆ. ಅಡುಗೆಯ ಹೊತ್ತೂ ಅದೇ ಆದ್ದರಿಂದ ಆಟವನ್ನು ಒಲೆಯ ಹತ್ತಿರಕ್ಕೇ, ಬೆಂಕಿಗೆ ಸಾಕಷ್ಟು ದೂರದಲ್ಲಿ, ಒಯ್ಯಬೇಕು. ಹಗಲೆಲ್ಲ ನೋಡಿಕೊಳ್ಳುವವರು ಅಜ್ಜಿಯಾದರೆ ಅಜ್ಜಿಯೇ ನಿಮ್ಮ ಶಿಷ್ಯೆ. ಅಕ್ಕನಾದರೆ ಅವಳನ್ನೂ ಕೂರಿಸಿಕೊಳ್ಳಿ. ಆದರೆ ಮಗು ನೋಡಿಕೊಳ್ಳಲೆಂದೇ ಅವಳ ಶಾಲೆ ತಪ್ಪುತ್ತಿದ್ದರೆ ಅದು ಬೇರೆ ಸಮಸ್ಯೆ: ಪಂಚಾಯಿತಿಯಲ್ಲಿ ‘ಕೂಸಿನ ಮನೆ’ (ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ) ಇದೆಯೇ ವಿಚಾರಿಸಿ, ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ದಿನಕ್ಕೆ ನಾಲ್ಕು ಮನೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಐದನೆಯ ಮನೆಯಲ್ಲಿ ನೀವು ಕಾಗದ ತುಂಬಿಸಿ ಎದ್ದು ಬರುತ್ತೀರಿ.

ಒಂದು ಗಂಟೆಯ ಒಳಗೆ

ಚಾಪೆಯ ಮೇಲೆ ಕೂರಿ, ಕುರ್ಚಿ ಕೊಟ್ಟರೂ ಬೇಡ ಎನ್ನಿ. ಮಗುವನ್ನು ತಾಯಿಯ ಮಡಿಲಲ್ಲಿ ಅಥವಾ ಅವರ ಎದುರಿಗೆ ಕೂರಿಸಿ, ನೀವು ಪಕ್ಕಕ್ಕೆ ಸರಿದು ಕೂರಿ. ಮೊದಲ ಹತ್ತು ನಿಮಿಷ ವಾರದ ಸುದ್ದಿ. ಜ್ವರ ಬಂದಿತ್ತೇ, ಹೊಸ ಮಾತು ಆಡಿತೇ, ಹೋದ ವಾರ ಬಿಟ್ಟುಹೋದ ಆಟಿಕೆ ಏನಾಯಿತು? ನಂತರ ಹೋದ ವಾರದ ಆಟವನ್ನು ತಾಯಿಯೇ ಮಾಡಿ ತೋರಿಸಲಿ. ಅವರು ಆಡಿದ್ದಾರೋ ಇಲ್ಲವೋ ಎಂಬುದು ಕೇಳಿದರೆ ತಿಳಿಯುವುದಿಲ್ಲ, ಮಗುವಿನ ಕೈ ನೋಡಿದರೆ ಗೊತ್ತಾಗುತ್ತದೆ. ಆಡಿದ ಮಗು ಆಟಿಕೆ ಕಂಡ ಕೂಡಲೇ ಏನು ಮಾಡಬೇಕೋ ಅದಕ್ಕೆ ಕೈ ಹಾಕುತ್ತದೆ.

ಇದಾದ ಮೇಲೆ ಹೊಸ ಆಟ. ನೀವು ಒಂದು ಸಲ ಮಾಡಿ ತೋರಿಸಿ, ಎರಡು ನಿಮಿಷ ಸಾಕು. ಕೂಡಲೇ ಆಟಿಕೆಯನ್ನು ತಾಯಿಯ ಕೈಗೆ ಕೊಡಿ. ಮುಂದಿನ ಇಪ್ಪತ್ತು ನಿಮಿಷ ನಿಮ್ಮ ಕೈಗಳು ನಿಮ್ಮ ಮಡಿಲಲ್ಲೇ ಇರಲಿ. ಮಗು ತಪ್ಪು ಜಾಗಕ್ಕೆ ತುಂಡು ಇಟ್ಟಾಗ ಕೈ ಮುಂದೆ ಹೋಗುವುದು ಎಲ್ಲರಿಗೂ ಸಹಜ, ತಡೆದುಕೊಳ್ಳಿ. ಆಮೇಲೆ ಚಿತ್ರದ ಪುಸ್ತಕ, ಅವರ ಮನೆಯದೇ ಒಂದು ಜೋಗುಳ ಅಥವಾ ಶಿಶುಪ್ರಾಸ. ನೀವು ಕಲಿಸುವ ಹಾಡಿಗಿಂತ ಅಜ್ಜಿಗೆ ಬರುವ ಹಾಡು ಮೇಲು, ಏಕೆಂದರೆ ನೀವು ಎದ್ದು ಹೋದ ಮೇಲೂ ಅದು ಮನೆಯಲ್ಲಿ ಉಳಿಯುತ್ತದೆ. ಹೊರಡುವ ಮುಂಚೆ ಒಂದೇ ಪ್ರಶ್ನೆ: ‘ಅಕ್ಕ, ಈ ಆಟ ದಿನದಲ್ಲಿ ಯಾವಾಗ ಆಡಿಸ್ತೀರ?’ ‘ಟೈಮ್ ಸಿಕ್ಕಾಗ’ ಎಂಬ ಉತ್ತರ ಬಂದರೆ ಆಟ ನಡೆಯುವುದಿಲ್ಲ. ‘ಸ್ನಾನ ಮಾಡಿಸಿದ ಮೇಲೆ’, ‘ರೊಟ್ಟಿ ತಟ್ಟುವಾಗ’ ಎಂಬಂಥ ಉತ್ತರ ಬರುವ ತನಕ ಕೂತಿರಿ.

ಆಟಿಕೆ ಕಟ್ಟುವುದು

ಮಗುವಿಗೆ ಕೊಡುವ ಯಾವುದೇ ವಸ್ತು 4 ಸೆಂ.ಮೀ. ಅಗಲದ ಉಂಗುರದೊಳಗೆ ನುಸುಳಬಾರದು. ನುಸುಳುವಷ್ಟು ಚಿಕ್ಕದು ಗಂಟಲಿಗೂ ಇಳಿಯುತ್ತದೆ. ದಟ್ಟ ರಟ್ಟಿನಲ್ಲಿ ಅಂಥದೊಂದು ಉಂಗುರ ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಒಂದೊಂದನ್ನೂ ಅಳೆಯಿರಿ. ದಾರ ಕಟ್ಟಬೇಕಾದಲ್ಲಿ ಒಂದು ಗೇಣಿಗಿಂತ ಉದ್ದ ಬೇಡ. ಉದ್ದವಾದರೆ ಕತ್ತಿಗೆ ಸುತ್ತಿಕೊಳ್ಳುತ್ತದೆ. ಗೋಡೆಗೆ ಹೊಡೆದು ಉಳಿದ ಬಣ್ಣವನ್ನು ಆಟಿಕೆಗೆ ಬಳಿಯಬೇಡಿ. ಅದರಲ್ಲಿ ಸೀಸವಿರಬಹುದು, ಮಕ್ಕಳು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ, ಸೀಸವೋ ನೇರವಾಗಿ ಮಿದುಳಿನ ಬೆಳವಣಿಗೆಗೇ ಕುತ್ತು.

ಗಿಲಕಿಗೆ 250 ಮಿ.ಲೀ. ಬಾಟಲಿ ಎರಡು ಬೇಕು. ಒಂದರಲ್ಲಿ ಎರಡು ಚಮಚ ರಾಗಿ, ಇನ್ನೊಂದರಲ್ಲಿ ಎಂಟು-ಹತ್ತು ಹುಣಸೆ ಬೀಜ. ತುಂಬಿಸಿದರೆ ಸದ್ದು ಬರುವುದಿಲ್ಲ. ಮುಚ್ಚಳ ಬಿಚ್ಚಿಕೊಳ್ಳುವುದೇ ಇಲ್ಲಿ ದೊಡ್ಡ ಅಪಾಯ. ಬೀಜ ಮೂಗಿಗೆ, ಗಂಟಲಿಗೆ ಹೋಗುತ್ತದೆ. ಫೆವಿಕಾಲ್ ನುಣ್ಣನೆಯ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಎಂ-ಸೀಲ್ ಹಚ್ಚಿ, ಮುಚ್ಚಳ ತಿರುಗಿಸಿ ಬಿಗಿದು, ಒಂದು ದಿನ ಒಣಗಲು ಬಿಡಿ. ಆಮೇಲೆ ಹಳೆಯ ಕುಪ್ಪಸದ ತೋಳನ್ನು ಬಾಟಲಿಗೆ ತೊಡಿಸಿ ಎರಡೂ ಬದಿ ಹೊಲಿಯಿರಿ. ಎರಡು ಬೇರೆ ಸದ್ದು ಏಕೆಂದರೆ, ಮಗು ಕಲಿಯುವುದು ಹೋಲಿಸಿಯೇ.

ಅಂಗಡಿಯಲ್ಲಿ ಸಿಗುವ ಪೇರಿಸುವ ಬ್ಲಾಕುಗಳ ಬದಲಿಗೆ ಬಡಗಿಯ ಬಳಿ ಬಿದ್ದಿರುವ ಮರದ ತುಂಡು ಕೇಳಿ. 5 ಸೆಂ.ಮೀ. ಚೌಕಕ್ಕೆ ಎಂಟು ತುಂಡು ಕೊಯ್ಸಿ, 80ನೇ ನಂಬರಿನ ಮರಳು ಕಾಗದದಲ್ಲಿ ಮೂಲೆ ಉಜ್ಜಿ, 120ರಲ್ಲಿ ನಯ ಮಾಡಿ. ಅಂಗೈ ಸವರಿದಾಗ ಎಲ್ಲೂ ಚುಚ್ಚಬಾರದು. ಪ್ಲೈವುಡ್ ತುಂಡು ಬೇಡ, ಅದರ ಅಂಚು ಸಿಬಿರೇಳುತ್ತದೆ.

ಬಳೆ ಪೇರಿಸುವ ಆಟಕ್ಕೆ ದುಡ್ಡೇ ಬೇಡ. ಪ್ಲಾಸ್ಟಿಕ್ ಬಳೆ ಐದು, ಗಾಜಿನವು ಬೇಡವೇ ಬೇಡ, ಪ್ರತಿಯೊಂದಕ್ಕೂ ಬೇರೆ ಬಣ್ಣದ ಹಳೆ ಬಟ್ಟೆ ಸುತ್ತಿ ಹೊಲಿಯಿರಿ. ತಾಯಿ ಮುದ್ದೆ ಕೋಲನ್ನೋ ಲಟ್ಟಣಿಗೆಯನ್ನೋ ನೆಟ್ಟಗೆ ಹಿಡಿದರೆ ಮಗು ಒಂದೊಂದೇ ಹಾಕುತ್ತದೆ. ಆಟ ಮುಗಿದ ಮೇಲೆ ಕೋಲು ಅಡುಗೆಮನೆಗೆ ಹೋಗಲಿ. ಕೋಲು ಬಾಯಲ್ಲಿಟ್ಟುಕೊಂಡು ಮಗು ಓಡಬಾರದು.

ಚಿತ್ರದ ಪುಸ್ತಕಕ್ಕೆ 15 ಸೆಂ.ಮೀ. ಚೌಕದ ಆರು ರಟ್ಟು, ಹಳೆ ಕ್ಯಾಲೆಂಡರ್ ಅಥವಾ ಪತ್ರಿಕೆಯಿಂದ ಕತ್ತರಿಸಿದ ಚಿತ್ರ. ಪುಟಕ್ಕೆ ಒಂದೇ ವಸ್ತು. ಎಮ್ಮೆ, ಬಸ್ಸು, ಕೊಡ, ಚಪ್ಪಲಿ, ಬಾಳೆಹಣ್ಣು, ಕೋಳಿ ಇರಲಿ. ಮಗು ಕಾಣದ ಪೆಂಗ್ವಿನ್ ಬೇಡ. ಮೈದಾ ಅಂಟು ಸಾಕು. ಹುಳ ಹಿಡಿಯದಿರಲೆಂದು ಪೋಸ್ಟರ್ ಅಂಟಿಸುವವರು ಅದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ನೀವು ಹಾಕಬೇಡಿ. ಬದಲಿಗೆ ಪುಟದ ಮೇಲೆಲ್ಲ ಅಗಲ ಟೇಪ್ ಅಂಟಿಸಿ. ಪುಸ್ತಕದಲ್ಲಿ ಒಂದಕ್ಷರವೂ ಇರಬಾರದು. ಅಕ್ಷರ ಕಂಡ ಕೂಡಲೇ ‘ನಂಗೆ ಓದೋಕೆ ಬರಲ್ಲ ಮಿಸ್’ ಎಂದು ತಾಯಿ ಹಿಂದೆ ಸರಿಯುತ್ತಾರೆ. ಎಮ್ಮೆಯ ಚಿತ್ರ ನೋಡಿ ಹೇಳಲು ಅವರಿಗೆ ನಮಗಿಂತ ನೂರು ಮಾತು ಗೊತ್ತು.

ಯಾವ ತಿಂಗಳಿಗೆ ಯಾವ ಆಟ

ಆರರಿಂದ ಹನ್ನೊಂದು ತಿಂಗಳವರೆಗೆ ಗಿಲಕಿ, ಸೆರಗಿನ ಹಿಂದೆ ಮುಖ ಮರೆಸಿ ‘ಕೂ’ ಎನ್ನುವುದು, ಡಬ್ಬಿಗೆ ಚಮಚದಿಂದ ಬಡಿಯುವುದು. ಎಂಟು-ಒಂಬತ್ತು ತಿಂಗಳಿಗೆ ಚಮಚವನ್ನು ಬಟ್ಟೆಯಡಿ ಬಚ್ಚಿಟ್ಟು ಹುಡುಕಿಸಿ. ಮೊದಲು ಅರ್ಧ ಮಾತ್ರ ಮುಚ್ಚಿ, ಹಿಡಿ ಕಾಣುವಂತಿರಲಿ. ಪೂರ್ತಿ ಮುಚ್ಚಿದರೆ ಮಗುವಿನ ಪಾಲಿಗೆ ಅದು ಇಲ್ಲವೇ ಆಗಿಬಿಡುತ್ತದೆ, ಆಸಕ್ತಿ ಹೋಗುತ್ತದೆ.

ಒಂದು ವರ್ಷದ ಸುತ್ತಮುತ್ತ ತುಂಬುವುದು, ಸುರಿಯುವುದು. ಡಬ್ಬಿಯೊಂದರಲ್ಲಿ ಮರದ ತುಂಡು, ಬಟ್ಟೆ ಉಂಡೆ, ಲೋಟ. ಮಗು ಬರೀ ಹೊರಗೆಸೆಯುತ್ತದೆ, ಒಳಗೆ ಹಾಕುವುದೇ ಇಲ್ಲ ಎಂದು ತಾಯಂದಿರು ಬೇಸರಿಸುತ್ತಾರೆ. ತೆಗೆಯುವುದು ಮೊದಲು, ಹಾಕುವುದು ಆಮೇಲೆ ಬರುತ್ತದೆ ಎಂದು ಹೇಳಿ, ಕೆಲವು ವಾರ ಕಾಯಿರಿ. ಹದಿನೈದು ತಿಂಗಳ ಹೊತ್ತಿಗೆ ಎರಡು ತುಂಡು ಪೇರಿಸುತ್ತದೆ, ಒಂದೂವರೆ ವರ್ಷಕ್ಕೆ ಮೂರೋ ನಾಲ್ಕೋ, ಎರಡಕ್ಕೆ ಆರರ ಹತ್ತಿರ. ಡಬ್ಬಿಯ ಮುಚ್ಚಳದಲ್ಲಿ ತುಂಡಿಗಿಂತ ಸ್ವಲ್ಪವೇ ದೊಡ್ಡ ಕಿಂಡಿ ಕೊರೆದರೆ ಒಂದೂವರೆ ವರ್ಷದ ಮಗುವಿಗೆ ಅರ್ಧ ಗಂಟೆಯ ಕೆಲಸ.

ಎರಡರ ಹತ್ತಿರ ಚಿತ್ರ ಜೋಡಣೆ. ಇಲ್ಲಿ ಕೆಡಿಸುವವರೇ ಹೆಚ್ಚು, ಆದ್ದರಿಂದ ನಿಧಾನವಾಗಿ ನೋಡೋಣ. ಹಸುವಿನ ದೊಡ್ಡ ಚಿತ್ರವನ್ನು ರಟ್ಟಿಗೆ ಅಂಟಿಸಿ, ನೇರ ಗೆರೆಯಲ್ಲಿ ಎರಡೇ ತುಂಡು ಮಾಡಿ, ಒಂದರಲ್ಲಿ ತಲೆ, ಒಂದರಲ್ಲಿ ಬಾಲ. ಮೊದಲು ಇಡೀ ಹಸುವನ್ನು ತೋರಿಸಿ ಹೆಸರು ಹೇಳಬೇಕು. ನಂತರ ತಲೆಯನ್ನು ತಾಯಿ ಇಟ್ಟು, ಬಾಲದ ತುಂಡನ್ನು ಸರಿಯಾದ ಜಾಗದಿಂದ ಎರಡು ಬೆರಳು ದೂರವಿಟ್ಟು, ‘ದೂಡು’ ಎನ್ನಲಿ. ಕೊನೆಯ ತುಂಡು ಯಾವತ್ತೂ ಮಗುವಿಗೇ ಮೀಸಲು, ಏಕೆಂದರೆ ಹಸು ‘ಆಗಿದ್ದು’ ತನ್ನ ಕೈಯಿಂದ ಎಂಬುದು ಅದಕ್ಕೆ ತಿಳಿಯಬೇಕು. ಮೂರು ದಿನ ಸಲೀಸಾಗಿ ಮಾಡಿದ ಮೇಲೆ ತುಂಡನ್ನು ದೂರವಿಡಿ, ಆಮೇಲೆ ತಲೆಕೆಳಗಾಗಿ ಇಡಿ, ಅದಾದ ಮೇಲೆ ಮೂರು ತುಂಡಿನ ಚಿತ್ರ. ಅವಸರದಲ್ಲಿ ನಾಲ್ಕು ತುಂಡಿಗೆ ಹಾರಿದರೆ ಮಗು ಎಸೆದು ಎದ್ದು ಹೋಗುತ್ತದೆ, ತಾಯಿ ‘ಇವನಿಗೆ ತಲೆಗೆ ಹತ್ತಲ್ಲ’ ಎಂದುಬಿಡುತ್ತಾರೆ. ಆ ಒಂದು ಮಾತು ಮನೆಯಲ್ಲಿ ಬೇರೂರಿದರೆ ಕೀಳುವುದು ಕಷ್ಟ. ಮಗು ಹತ್ತರಲ್ಲಿ ಏಳು ಸಲವಾದರೂ ಗೆಲ್ಲುವಂತೆ ಆಟ ಹೊಂದಿಸಿ.

ಎರಡೂವರೆಯ ಮೇಲೆ ಬೇರ್ಪಡಿಸುವ ಆಟ ಮನೆಯಲ್ಲೇ ಸಿಗುತ್ತದೆ: ಲೋಟ ಒಂದು ಕಡೆ, ತಟ್ಟೆ ಒಂದು ಕಡೆ, ಅಪ್ಪನ ಚಪ್ಪಲಿ, ಪಾಪುವಿನ ಚಪ್ಪಲಿ. ಎಣಿಕೆಯೂ ಹಾಗೆಯೇ. ‘ಒಂದು, ಎರಡು, ಮೂರು’ ಎಂದು ಬಾಯಿಪಾಠ ಒಪ್ಪಿಸುವುದು ಎಣಿಕೆಯಲ್ಲ. ‘ನಿಂಗೊಂದು ಇಡ್ಲಿ, ಅಜ್ಜಿಗೊಂದು ಇಡ್ಲಿ’ ಎಂದು ಹಂಚುವುದು ಎಣಿಕೆಯ ಬುಡ.

ಮಾತು

ಆಟಿಕೆ ಒಂದು ನೆಪ, ನಿಜವಾದ ಕೆಲಸ ಮಾತಿನದು. ಮಗು ಏನನ್ನು ನೋಡುತ್ತಿದೆಯೋ ಅದರ ಬಗ್ಗೆ ಮಾತಾಡುವುದು ಮೊದಲ ಪಾಠ. ಅದು ಕೋಳಿಯನ್ನು ನೋಡುತ್ತಿರುವಾಗ ‘ಇಲ್ನೋಡು ಚೆಂಡು’ ಎಂದರೆ ಆ ಪದ ನಿಲ್ಲುವುದಿಲ್ಲ. ಹೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ ಕಾಯುವುದು ಎರಡನೆಯದು. ಚಿಕ್ಕ ಮಗುವಿಗೆ ಉತ್ತರ ಹುಡುಕಲು ಅಷ್ಟು ಹೊತ್ತು ಬೇಕು, ನಾವು ಒಂದು ಎಣಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಕೇಳಿರುತ್ತೇವೆ. ಮೂರನೆಯದು, ಮಗು ಆಡಿದ್ದಕ್ಕೆ ಒಂದೆರಡು ಪದ ಕೂಡಿಸಿ ಮರಳಿಸುವುದು. ಮಗು ‘ಬುವ್ವ’ ಎಂದರೆ, ‘ಬುವ್ವ ಬೇಕಾ? ಬಿಸಿ ಅನ್ನ ಕಲಸಲಾ?’ ‘ಬುವ್ವ’, ‘ತಾಚಿ’ ಎಂಬ ಎಳೆಮಾತು ತಪ್ಪಲ್ಲ, ಅದರ ಬೆನ್ನಿಗೇ ದೊಡ್ಡವರ ಮಾತೂ ಬರಲಿ.

ಮನೆಮಾತು ಲಂಬಾಣಿಯೋ ಉರ್ದುವೋ ತೆಲುಗೋ ಆಗಿದ್ದರೆ ಅದರಲ್ಲೇ ಆಡಲಿ. ಕನ್ನಡ ಬರಲಿ ಎಂದು ತಾಯಿಯ ಬಾಯಿಂದ ನಾಲ್ಕು ಹರಕು ಕನ್ನಡ ಪದ ಆಡಿಸಿದರೆ, ಆ ಮನೆಯ ಸಾವಿರ ಪದಗಳನ್ನು ನಾವೇ ಮುಚ್ಚಿಸಿದಂತೆ. ಇಂಗ್ಲಿಷ್ ಪ್ರಾಸದ ವಿಡಿಯೊ ಹಾಕಿ ಮೊಬೈಲ್ ಕೊಡುವುದಕ್ಕೂ ಇದೇ ಉತ್ತರ. ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಕೆಲಸದಿಂದ ಬಂದು ಅಡುಗೆಗೆ ನಿಂತ ತಾಯಿಗೆ ‘ಮೊಬೈಲ್ ಕೊಡಬೇಡಿ’ ಎಂದಷ್ಟೇ ಹೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಆ ಹೊತ್ತಿಗೆಂದೇ ಒಂದು ಡಬ್ಬಿ ಮಾಡಿಕೊಡಿ: ಲೋಟಗಳು, ಬಳೆ, ಈರುಳ್ಳಿಯ ಬುಟ್ಟಿ. ಮಗು ಆಡುತ್ತಿರಲಿ, ತಾಯಿ ಕತ್ತರಿಸುತ್ತಲೇ ಮಾತಾಡಲಿ.

ಹೊಗಳಿಕೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಅಳುಕಿದೆ. ‘ಜಾಣ, ಜಾಣ’ ಎಂದರೆ ದೃಷ್ಟಿ ತಗಲುತ್ತದೆ. ಅದನ್ನು ಮೂಢನಂಬಿಕೆ ಎಂದು ಜರೆದರೆ ಬಾಗಿಲು ಮುಚ್ಚುತ್ತದೆ. ಮಗುವನ್ನು ಬಿಟ್ಟು ಕೆಲಸವನ್ನು ಮೆಚ್ಚಲು ಹೇಳಿ: ‘ಎಷ್ಟು ನೆಟ್ಟಗೆ ಪೇರಿಸಿದೆ!’ ಕಲಿಕೆಗೂ ಇದೇ ಒಳ್ಳೆಯದು, ಏನು ಮಾಡಿದ್ದಕ್ಕೆ ಮೆಚ್ಚುಗೆ ಸಿಕ್ಕಿತೆಂದು ಮಗುವಿಗೆ ತಿಳಿಯುತ್ತದೆ. ತಾಯಿಯನ್ನೂ ಹೀಗೆಯೇ ಮೆಚ್ಚಿ. ಆ ಮನೆಯಲ್ಲಿ ಆ ಮಾತು ಆಡುವವರು ನೀವೊಬ್ಬರೇ ಇರಬಹುದು.

ಎಡವುವ ಜಾಗಗಳು

ಆಟಿಕೆ ಅಟ್ಟ ಸೇರುವುದು ಎಲ್ಲಕ್ಕಿಂತ ಸಾಮಾನ್ಯ. ‘ಹಾಳಾಗುತ್ತೆ ಅಂತ ಎತ್ತಿಟ್ಟಿದ್ದೀನಿ ಮಿಸ್’ ಎಂದು ಹೊಚ್ಚಹೊಸದಾಗಿ ತಂದುಕೊಡುತ್ತಾರೆ. ಮೊದಲ ದಿನವೇ ಹೇಳಿ: ಮುರಿದರೆ ಬೇರೆ ಕೊಡುತ್ತೇನೆ, ಮುರಿಯದಿದ್ದರೆ ಬೇಜಾರು. ಮುರಿದು ತಂದಾಗ ಮುಖ ಗಂಟಿಕ್ಕಬೇಡಿ. ವಾರಕ್ಕೊಮ್ಮೆ ಬದಲಿಸಿ, ವಾಪಸ್ ಬಂದದ್ದನ್ನು ಸೋಪುನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಯೇ ಮುಂದಿನ ಮನೆಗೆ ಒಯ್ಯಿರಿ.

ಮಗು ಮಂಕಾಗಿದ್ದರೆ ಆಟದ ತಪ್ಪಲ್ಲ, ಮೈಯಲ್ಲೇನೋ ಇದೆ. ತೋಳಿನ ಸುತ್ತಳತೆ ಅಳೆಯುವ ಪಟ್ಟಿ ಸುತ್ತಿ ನೋಡಿ; 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಂದೇ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ರಕ್ತಹೀನತೆ ಗಮನವನ್ನೇ ಕದಿಯುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗೆ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ, 1 ಮಿ.ಲೀ. ಊಟವಾದ ಮೇಲೆ ಕೊಟ್ಟರೆ ವಾಂತಿ ಕಡಿಮೆ. ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸುವವರು ಬಹಳ, ಹಾಗಾಗುವುದು ಸಹಜ ಎಂದು ಮೊದಲೇ ಹೇಳಿ. ಮಗುವಿಗೆ ಚಹಾ ಕೊಡುವುದನ್ನು ಬಿಡಿಸಿ, ಅದು ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಕಿವಿ ಸೋರುವ ಮಗುವಿಗೆ ಮಾತು ತಡವಾಗುತ್ತದೆ. ‘ಹಲ್ಲು ಬರ್ತಿದೆ, ಅದಕ್ಕೆ ಸೋರ್ತಿದೆ’ ಎಂದು ಬಿಡಬಾರದು, ಎಣ್ಣೆಯನ್ನೂ ಹಾಕಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಒಂದು ವರ್ಷಕ್ಕೆ ತೊದಲು ಸದ್ದೂ ಇಲ್ಲ, ಒಂದೂವರೆಗೆ ಒಂದು ಪದವೂ ಇಲ್ಲ, ಎರಡಕ್ಕೆ ಎರಡು ಪದ ಕೂಡಿಸುವುದಿಲ್ಲ, ಅಥವಾ ಮೊದಲು ಬರುತ್ತಿದ್ದುದು ಈಗ ಇಲ್ಲ ಎಂದಾದರೆ ಕಾಯಬೇಡಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ತಂಡಕ್ಕೆ ತೋರಿಸಿ, ಅವರು ಜಿಲ್ಲಾ ಕೇಂದ್ರದ ತಪಾಸಣೆಗೆ ಚೀಟಿ ಬರೆದುಕೊಡುತ್ತಾರೆ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂಬ ಮಾತಿಗೆ ತಲೆಯಾಡಿಸಿ, ಆದರೂ ಕರೆದುಕೊಂಡು ಹೋಗಿ.

ತಾಯಿಯೇ ಮಂಕಾಗಿರುವುದೂ ಉಂಟು. ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು, ಮಗು ಬೇಡ ಎನಿಸುತ್ತದೆ. ಆ ವಾರ ಆಟ ಪಕ್ಕಕ್ಕಿಡಿ, ಅವರು ಹೇಳುವುದನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಅವರೆದುರೇ ಕರೆ ಹಚ್ಚಿಕೊಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರತಿ ಮನೆಗೆ ಒಂದು ನೋಟ್‌ಬುಕ್, ಪ್ರತಿ ಭೇಟಿಗೆ ನಾಲ್ಕು ಸಾಲು: ಯಾವ ಆಟ ಬಿಟ್ಟುಬಂದಿರಿ, ಆಡಿಸಿದವರು ಯಾರು, ಮಗು ಹೊಸದಾಗಿ ಏನು ಮಾಡಿತು, ಮುಂದಿನ ವಾರ ಏನು.

ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆ ಮನೆಗಳು ಗುಳೆ ಹೊರಡುತ್ತವೆ, ನಿಮ್ಮ ಭೇಟಿ ಅರ್ಧಕ್ಕೆ ನಿಲ್ಲುತ್ತದೆ. ಹೊರಡುವ ದಿನ ಕೇಳಿ ತಿಳಿದುಕೊಂಡು ಹಿಂದಿನ ವಾರವೇ ಒಂದು ಬಟ್ಟೆ ಚೀಲ ಕಟ್ಟಿಕೊಡಿ: ಚಿತ್ರದ ಪುಸ್ತಕ, ಬಳೆ ಐದು, ಮರದ ತುಂಡು ನಾಲ್ಕು, ಮುಂದಿನ ವಯಸ್ಸಿನ ಒಂದು ಚಿತ್ರ ಜೋಡಣೆ. ಸಿರಪ್ ಬಾಟಲಿಯನ್ನೂ ತಾಯಿ ಕಾರ್ಡನ್ನೂ ಅದರೊಳಗೇ ಇಡಿ. ಹೋಗುವ ಊರಿನ ಕೆಲಸದ ಜಾಗಕ್ಕೆ ಹತ್ತಿರದ ಅಂಗನವಾಡಿ ಯಾವುದೆಂದು ಫೋನಿನಲ್ಲಿ ವಿಚಾರಿಸಿ, ಕಾರ್ಡಿನ ಹಿಂಬದಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ತಾಯಿಗೆ ಓದಲು ಬಾರದಿದ್ದರೆ, ಅಲ್ಲಿ ಯಾರಿಗೆ ತೋರಿಸಬೇಕೆಂದು ಬಾಯಲ್ಲಿ ಎರಡು ಸಲ ಹೇಳಿಸಿ.